ಕುಸುಬಿ ಎಣ್ಣೆ ಕುಡಿದ ಬಂದೂಕು

ಆ ಗಾಳಿಬಂದೂಕು ಬರುವ ಹೊತ್ತಿಗೆ ಅಪ್ಪನಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತ್ತು. ಸೊಲ್ಲಾಪುರದ ನಮ್ಮ ಓಣಿಗೆಲ್ಲ ಇದು ಗೊತ್ತಿತ್ತು, ಅಕ್ಕಲಕೋಟೆಗೆ ಗೊತ್ತಿರಲಿಲ್ಲ. ಅಲ್ಲಿಯವರಿಗೆ ತಿಳಿಯಬಾರದು ಎಂಬುದೊಂದೇ ಆಗ ಅಪ್ಪನಿಗಿದ್ದ ಆಸೆ. ಸಂಸ್ಥಾನವಿದ್ದಾಗ ಅವರು ಅಲ್ಲಿಯ ಆಯುಧಶಾಲೆಯಲ್ಲಿ ಮಿಸ್ತ್ರಿಯಾಗಿದ್ದರು. ಸಂಸ್ಥಾನ ಹೋದ ಮೇಲೆ ಸೊಲ್ಲಾಪುರಕ್ಕೆ ಬಂದು, ಮನೆಯ ಮುಂದಿನ ಕೋಣೆಯಲ್ಲಿ ಸ್ಟೋವ್ ಮತ್ತು ಹೊಲಿಗೆ ಯಂತ್ರಗಳ ರಿಪೇರಿಗೆ ಕೂತರು. ಆದರೂ ಅಕ್ಕಲಕೋಟೆ ಕಡೆಯ ದೊಡ್ಡ ಮನೆಗಳ ಹಳೆಯ ಗಾಳಿಬಂದೂಕುಗಳು ಅವರನ್ನೇ ಹುಡುಕಿಕೊಂಡು ಬರುತ್ತಿದ್ದವು. ಅವು ಬರುತ್ತಿರುವವರೆಗೆ ಅವರು ಮಿಸ್ತ್ರಿ, ನಿಂತರೆ ಸ್ಟೋವಿನವರು.

ನಾನು ಪುಣೆಯಲ್ಲಿ ಬಿ.ಎಸ್ಸಿ. ಮುಗಿಸಿ ಎಂ.ಎಸ್ಸಿ.ಗೆ ಹೆಸರು ಹಚ್ಚಿದ್ದೆ. ತಂತಿ ಬಂತು, ಹೊರಟು ಬಂದೆ. ಅಪ್ಪನನ್ನು ನೋಡಿದಾಗ ಅಳು ಬರಲಿಲ್ಲ. ಅವರಿಗೆ ಉಣಿಸುತ್ತಿದ್ದೆ, ಅಂಗಿಯ ಗುಂಡಿ ಹಾಕುತ್ತಿದ್ದೆ. ಬೇರೆ ಯಾರದೋ ಮನೆಯ ಕೆಲಸಕ್ಕೆ ಹೋದವಳಂತೆ ಎಲ್ಲವನ್ನೂ ಸರಿಯಾಗಿ ಮಾಡುತ್ತಿದ್ದೆ.

ಬಂದೂಕು ತಂದವನು ಅಕ್ಕಲಕೋಟೆ ಹತ್ತಿರದ ಜಮೀನುದಾರರೊಬ್ಬರ ಆಳು. ಬಾಗಿಲಲ್ಲೇ ನಿಂತು ಹೇಳಿದ. “ಒಮ್ಮಿಗಿಲೆ ಢಮ್ ಅಂತರಿ, ಬಾಯಾಗಿಂದ ಹೊಗಿ ಬಂತು. ಇನ್ನ ಹುಲಿ ಹೊಡಿಬಹುದು ಅಂತ ನಮ್ಮ ಧಣ್ಯಾರು ಮೀಸಿ ತಿರುವಿದ್ರು. ಮರುದಿನ ನೋಡಿದ್ರ ಬಂದೂಕ ಸತ್ತ ಬಿದ್ದದ. ಸೋಮವಾರ ಅವರs ಬರ್ತಾರ್ರಿ.”

ಅವನು ಹೋದ ಮೇಲೆ ಬಂದೂಕನ್ನು ಒಳಗೆ ಒಯ್ದೆ. ಅಪ್ಪ ಮಂಚದ ಮೇಲಿಂದಲೇ, “ನಳಿಗಿ ಬಾಯಿ ಮೂಸಿ ನೋಡು,” ಎಂದರು. ಅವರ ಮಾತು ಆಗ ನಿಧಾನ, ಕೆಲವು ಅಕ್ಷರ ಜಾರುತ್ತಿದ್ದವು.

“ಕುಸುಬಿ ಎಣ್ಣಿ.”

“ಮೋಟಕ್ಕ ಉಣಿಸಿದಂಗ ಉಣಿಸ್ಯಾರ.”

ಮೋಟವೆಂದರೆ ಬಾವಿಯಿಂದ ನೀರೆತ್ತುವ ತೊಗಲಿನ ಚೀಲ. ತೊಗಲು ಸೀಳದಿರಲೆಂದು ನಮ್ಮ ಕಡೆಯ ರೈತರು ಅದಕ್ಕೆ ಕುಸುಬಿ ಎಣ್ಣೆ ಸವರುತ್ತಾರೆ. ಬಂದೂಕಿನೊಳಗೂ ಪಿಸ್ಟನ್ನಿನ ತುದಿಗೆ ತೊಗಲಿನ ವಾಷರ್ ಇರುತ್ತದೆಂದು ಯಾರೋ ಹೇಳಿರಬೇಕು, ಇವರು ನಳಿಗೆಯಲ್ಲೇ ಎಣ್ಣೆ ಸುರಿದಿದ್ದರು. ಸ್ಪ್ರಿಂಗು ಪಿಸ್ಟನ್ನನ್ನು ತಳ್ಳಿದಾಗ ಒಳಗಿನ ಗಾಳಿ ಒತ್ತಡಕ್ಕೆ ಬಿಸಿಯಾಗುತ್ತದೆ, ಎಣ್ಣೆಯಿದ್ದರೆ ಹೊತ್ತಿಕೊಳ್ಳುತ್ತದೆ. ಧಣಿಗಳು ಮೀಸೆ ತಿರುವಿದ್ದು ಆ ಸದ್ದಿಗೆ. ಸ್ಪ್ರಿಂಗು ಮುರಿದದ್ದೂ ಅದಕ್ಕೇ. ಉಳಿದ ಎಣ್ಣೆ ವಾರ್ನಿಷಿನಂತೆ ಒಣಗಿ ಪಿಸ್ಟನ್ನನ್ನು ಕಚ್ಚಿ ಹಿಡಿದಿತ್ತು.

ಯಾವ ದೇಶದ ಬಂದೂಕೆಂದು ನೋಡಿದರೆ ಗುರುತೇ ಇರಲಿಲ್ಲ. ಹಿತ್ತಾಳೆ ಪಾತ್ರೆ ಬೆಳಗಿದಂತೆ ವರ್ಷಗಟ್ಟಲೆ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಚ್ಚಿ ತಿಕ್ಕಿ ಅಕ್ಷರಗಳನ್ನು ಅಳಿಸಿಬಿಟ್ಟಿದ್ದರು. ಅಪ್ಪ ಕಣ್ಣು ಮುಚ್ಚಿಕೊಂಡು ಒಂದೊಂದೇ ಕೇಳಿದರು. ನಳಿಗೆ ಮಡಚುವಲ್ಲಿ ಇರುವುದು ಪಿನ್ನೋ, ಸ್ಕ್ರೂವೋ? ಸ್ಕ್ರೂ. ಅದು ಸಡಿಲಾಗದಂತೆ ಪಕ್ಕದಲ್ಲಿ ಕಾವಲಿಗೆ ಇನ್ನೊಂದು ಚಿಕ್ಕ ಸ್ಕ್ರೂ ಇದೆಯೇ? ಇದೆ. ಗುರಿ ನೋಡುವ ಪಟ್ಟಿ ತಿರುಗುತ್ತದೆಯೇ? ತಿರುಗುತ್ತದೆ.

“ಜರ್ಮನ್. ಲಡಾಯಿ ಮುಂಚಿಂದು. ಇದರ ಸಾಮಾನು ಈಗ ಎಲ್ಲೂ ಸಿಗಂಗಿಲ್ಲ.” ಕಣ್ಣು ತೆರೆದು ನನ್ನನ್ನು ನೋಡಿದರು. “ನೀ ಬಿಚ್ಚು. ನಾ ಹೇಳ್ತೀನಿ.”

ಬಿಚ್ಚಿದೆ. ಒಣಗಿದ ಎಣ್ಣೆಯನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಕೆರೆದೆ. ಹೊಸ ವಾಷರಿಗೆ ಮೋಟ ಹೊಲಿಯುವವರಿಂದಲೇ ತೊಗಲು ತಂದು, ನೀರಲ್ಲಿ ನೆನೆಹಾಕಿ, ಬಟ್ಟಲಿನಾಕಾರಕ್ಕೆ ಒತ್ತಿ ಒಣಗಿಸಿದೆ. ಅದಕ್ಕೆ ಕುರಿಯ ಕೊಬ್ಬು ಉಣಿಸಬೇಕಿತ್ತು. ಅವ್ವ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು.

“ಆ ಹೊಲಸ ನನ್ನ ಒಲಿ ಮ್ಯಾಲ ಕಾಸಿದ್ರ ನಾಳಿಂದ ನೀನs ರೊಟ್ಟಿ ಬಡಿ. ಪುಣೆದಾಗ ಇದನs ಕಲತು ಬಂದಿ ಏನ?”

ಅಂಗಳದಲ್ಲಿ ರಿಪೇರಿಗೆ ಬಂದ ಯಾರದೋ ಸ್ಟೋವಿನ ಮೇಲೆ ಕಾಸಿದೆ.

ಸ್ಪ್ರಿಂಗಿಗೆ ಅಪ್ಪ ದಾರಿ ಹೇಳಿದರು. ಮಗ್ಗದ ಸ್ಪ್ರಿಂಗುಗಳಲ್ಲಿ ಒಂದು ಜಾತಿ ಇದಕ್ಕೆ ಕೂಡುತ್ತದೆ, ಉದ್ದ ಕತ್ತರಿಸಿ, ತುದಿ ಕಾಯಿಸಿ ಚಪ್ಪಟೆ ಮಾಡಬೇಕು. ಮುರಿದ ತುಂಡು ಹಿಡಿದು ಮಂಗಳವಾರ ಪೇಟೆಯ ಹಳೇ ಸಾಮಾನಿನ ಅಂಗಡಿಗೆ ಹೋದೆ. ರಾಶಿಯಲ್ಲಿ ಒಂದೊಂದನ್ನೇ ಅಳೆಯುತ್ತ ಕೂತದ್ದನ್ನು ಅಂಗಡಿಯವನು ನೋಡಿದ.

“ಅಕ್ಕಾರ, ಮನ್ಯಾಗ ಎಷ್ಟ ಮಗ್ಗ ಅವ?”

“ಒಂದೂ ಇಲ್ಲ.”

“ಮತ್ತ ಸ್ಪ್ರಿಂಗ್ ಒಯ್ದು ಶೇಂಗಾ ಚಟ್ನ್ಯಾಗ ಕುಟ್ತೀರೇನು?”

ಪಕ್ಕದವರು ನಕ್ಕರು. ನಾನು ನಗಲಿಲ್ಲ, ಸಿಟ್ಟೂ ಬರಲಿಲ್ಲ. ಒಂದು ದಪ್ಪವಾಯಿತು, ಇನ್ನೊಂದರ ತಂತಿ ತೆಳುವಾಯಿತು. ರಾಶಿಯ ತಳದಲ್ಲಿ ಸರಿಯಾದದ್ದು ಸಿಕ್ಕಿತು.

ಭಾನುವಾರ ಸಂಜೆ ಬಂದೂಕು ಕೂಡಿತು. ನಳಿಗೆ ಮಡಚಿ ಎಳೆದಾಗ ಒಳಗೆ ಕೊಕ್ಕೆ ಬಿದ್ದ ಸದ್ದು ಕೇಳಿ ಅಪ್ಪ ತಲೆಯಾಡಿಸಿದರು. “ನಾಳೆ ನೀ ಚಾ ಕೊಟ್ಟು ಒಳಗ ಹೋಗು. ಅವರ ಮುಂದ ನಿಂದ್ರಬ್ಯಾಡ,” ಎಂದರು.

ಸೋಮವಾರ ಅಪ್ಪನನ್ನು ಮುಂದಿನ ಕೋಣೆಯ ಕುರ್ಚಿಯಲ್ಲಿ ಕೂರಿಸಿ, ಬಲಗೈ ಮುಚ್ಚುವಂತೆ ಶಾಲು ಹೊದಿಸಿ, ಬಂದೂಕನ್ನು ತೊಡೆಯ ಮೇಲಿಟ್ಟೆ. ಜಮೀನುದಾರರು ಬಾಗಿಲಿನಿಂದಲೇ ನಗುತ್ತ ಬಂದರು.

“ಏನ್ ಮಿಸ್ತ್ರಿ, ಇಂಥಾ ಬಿಸಲಾಗ ಶಾಲು! ಎರಡನೇ ಲಗ್ನದ ನವರದೇವ ಆಗೀರೇನು?”

“ಜ್ವರರಿ,” ಎಂದರು ಅಪ್ಪ. ಆದಷ್ಟು ಒಂದೇ ಪದದಲ್ಲಿ ಉತ್ತರಿಸುವುದೆಂದು ಮೊದಲೇ ಗೊತ್ತು ಮಾಡಿಕೊಂಡಿದ್ದರು.

ಚಹಾ ಕೊಟ್ಟು ಬಾಗಿಲ ಹಿಂದೆ ನಿಂತೆ. ನಾವಿಬ್ಬರೂ ಒಂದನ್ನು ಮರೆತಿದ್ದೆವು. ಯಾವ ಬಂದೂಕನ್ನೇ ಆಗಲಿ, ಹಿಂದಿರುಗಿಸುವ ಮುನ್ನ ಅಪ್ಪ ಅಂಗಳದ ಜಾಲಿಮರದ ಹಲಗೆಗೆ ತಾವೇ ಒಂದು ಗುಂಡು ಹೊಡೆಯುತ್ತಿದ್ದರು. ಹಲಗೆಯಿಂದ ಆ ಸೀಸದ ಛರ್ರೆಯನ್ನು ಕಿತ್ತು ಒಡೆಯರ ಕೈಗೆ ಕೊಡುತ್ತಿದ್ದರು. ಅದು ಎಷ್ಟು ಚಪ್ಪಟೆಯಾಗಿದೆಯೋ ಬಂದೂಕಿಗೆ ಅಷ್ಟು ಜೀವ ಬಂದಿದೆ ಎಂದು ಅರ್ಥ.

“ಹೂಂ, ಏಳ್ರಿ, ಹೊಡೀರಿ. ಛರ್ರೆ ತೋರಸಲಿಲ್ಲಂದ್ರ ನಮ್ಮ ಮನ್ಯಾಗ ನಂಬಂಗಿಲ್ಲ.”

“ಇವತ್ತ ನೀವs ಹೊಡೀರಿ, ಧಣ್ಯಾರ.”

“ನಾ ಹೊಡದ್ರ ನೆರಿಮನಿ ಎಮ್ಮಿಗಿ ಬೀಳ್ತದ! ಇಷ್ಟ ವರ್ಷದಾಗ ಒಮ್ಮೆರೆ ನನ್ನ ಕಡಿಂದ ಹೊಡಿಸೀರೇನು?” ಎನ್ನುತ್ತ ಅಪ್ಪನನ್ನು ಎಬ್ಬಿಸಲು ಕೈ ಚಾಚಿದರು. ಅಪ್ಪ ಕೈ ಕೊಡಲಿಲ್ಲ. ಚಾಚಿದ ಕೈ ಹಾಗೇ ಇತ್ತು.

ನಾನು ಹೊರಗೆ ಬಂದು ಅಪ್ಪನ ತೊಡೆಯ ಮೇಲಿಂದ ಬಂದೂಕು ತೆಗೆದುಕೊಂಡೆ. ಅಂಗಳಕ್ಕಿಳಿದು, ನಳಿಗೆ ಮಡಚಿ, ಛರ್ರೆ ಇಟ್ಟು ಹೊಡೆದೆ. ಹಲಗೆಗೆ ಬಿತ್ತು. ಕಿತ್ತು ತಂದು ಜಮೀನುದಾರರಿಗೆ ಕೊಟ್ಟೆ. ಅವರು ಛರ್ರೆಯನ್ನು ನೋಡಲಿಲ್ಲ, ನನ್ನ ಉಗುರುಗಳಲ್ಲಿದ್ದ ಕಪ್ಪನ್ನು ನೋಡಿದರು.

“ಇನ್ನ ಎಣ್ಣಿ ಯಾವಾಗ ಹಾಕೂದವಾ?” ಎಂದು ಕೇಳಿದರು. ನನ್ನನ್ನು.

“ಎಣ್ಣಿ ಹಾಕಬ್ಯಾಡ್ರಿ,” ಎಂದರು ಅಪ್ಪ. ಮಾತು ತೊದಲಿತು.

ಅವರು ಅಪ್ಪನ ಕಡೆಗೆ ತಲೆಯಾಡಿಸಿ, ಮತ್ತೆ ನನ್ನತ್ತ ತಿರುಗಿದರು. “ಏನೂ ಹಾಕಬಾರದಾ?”

“ಏನೂ ಬ್ಯಾಡ್ರಿ,” ಎಂದೆ.

ಹೋಗುವಾಗ ಅವರು ಅಪ್ಪನ ಎಡಭುಜ ಮುಟ್ಟಿ, “ಆರಾಮ ಮಾಡ್ರಿ, ಮಿಸ್ತ್ರಿ,” ಎಂದು ಬಹಳ ಮೆತ್ತಗೆ ಹೇಳಿದರು. ಚೇಷ್ಟೆ ಮಾಡಲಿಲ್ಲ.

ಅವರು ಹೋದ ಮೇಲೆ ಅಪ್ಪ ಕೇಳಿದರು. “ಎಲ್ಲಿ ಬಿತ್ತು?”

“ನಡುವಿನಿಂದ ಎರಡ ಬೆರಳ ಎಡಕ್ಕ.”

“ನಳಿಗಿ ಬಾಗ್ಯಾದ. ನೋಡಬೇಕಿತ್ತು.”

ಶಾಲು ತೆಗೆದು ಮಡಚಿದೆ. ಅವರು ಒಳಗೆ ಕರೆದೊಯ್ಯಲು ಹೇಳಿದರು. ಆಮೇಲೆ ಮುಂದಿನ ಕೋಣೆಗೆ ಬರಲಿಲ್ಲ.

ಮಳೆಗಾಲಕ್ಕೆ ಮುಂಚೆ ಅಕ್ಕಲಕೋಟೆಯಿಂದ ಗೋಣಿಯಲ್ಲಿ ಸುತ್ತಿದ ಎರಡು ಬಂದೂಕುಗಳು ಬಂದವು. “ಮಿಸ್ತ್ರಿ ಮಗಳ ಕೈಯಾಗ ಕೊಡು ಅಂದಾರ್ರಿ,” ಎಂದ ತಂದವನು, ಒಳಗಿನವರಿಗೂ ಕೇಳುವಷ್ಟು ಗಟ್ಟಿಯಾಗಿ. ನಾನು ಎರಡನ್ನೂ ಮಂಚದ ಹತ್ತಿರ ಒಯ್ದೆ. ಒಂದು ಬ್ರಿಟಿಷ್ ಬಂದೂಕು, ನಳಿಗೆಯ ಕೆಳಗೆ ಎಳೆಯುವ ಸನ್ನೆಗೋಲು ಇತ್ತು. ಇನ್ನೊಂದು ಯಾವುದೆಂದು ನನಗೆ ತಿಳಿಯಲಿಲ್ಲ, ಹಾಗೇ ಹೇಳಿದೆ. ಅಪ್ಪ ನೋಡಿದರು. ಎಡಗೈ ಚಾಚಲಿಲ್ಲ.

“ಮುಂದಿನ ಕೋಣ್ಯಾಗ ಒಯ್ಯಿ. ಅಲ್ಲಿ ಬೆಳಕ ಅದ.”

ಒಯ್ದು ಮೇಜಿನ ಮೇಲಿಟ್ಟೆ. ಮೊದಲ ಸ್ಕ್ರೂ ಸಡಿಲಾದಾಗ, ಒಳಗಿನಿಂದ ಅಪ್ಪ ಏನಾದರೂ ಕೇಳುತ್ತಾರೇನೋ ಎಂದು ಕೈ ತಡೆದೆ. ಕೇಳಲಿಲ್ಲ. ಎರಡನೆಯ ಸ್ಕ್ರೂ ಬಿಚ್ಚಿದೆ.