ದೊಡ್ಡಪ್ಪನ ಬೀಗ

ಅವರ ಬಲಗೈ ಹೆಬ್ಬೆರಳು ಸದಾ ಕಪ್ಪಗಿರುತ್ತಿತ್ತು. ರೇಷ್ಮೆ ಸೀರೆ ನೇಯುವ ಕೈಗೆ ಮಸಿ ಎಲ್ಲಿಂದ ಎಂದರೆ, ಬೀಗದಿಂದ. ಕೊಳ್ಳೇಗಾಲದಲ್ಲಿ ನಮ್ಮ ಪಕ್ಕದ ಮನೆಯವರಾದ ಅವರನ್ನು ನಾನು ದೊಡ್ಡಪ್ಪ ಎನ್ನುತ್ತಿದ್ದೆ. ಬೀಗ ಹಾಕಿ, ಎಳೆದು ನೋಡಿ, ಬೀದಿ ತುದಿಯವರೆಗೆ ಹೋಗಿ, ವಾಪಸು ಬಂದು ಮತ್ತೆ ಎಳೆಯುವರು. ಐದಾರು ಸಲ ಹೀಗಾಗುವಷ್ಟರಲ್ಲಿ ಬೀಗಕ್ಕೇ ಬೇಜಾರಾಗಿರಬೇಕು.

ತಾಯಿಯಿಲ್ಲದ ಅವರ ಒಬ್ಬಳೇ ಮಗಳಿಗೆ ಹನೂರಿನಲ್ಲಿ ಗಂಡು ಗೊತ್ತಾಯಿತು. ನಿಶ್ಚಿತಾರ್ಥದ ದಿನ ಅಲ್ಲಿಗೆ ಹೊರಟ ದೊಡ್ಡಪ್ಪ ಎರಡೆರಡು ಬಸ್ಸಿನಿಂದ ಇಳಿದು ಬೀಗ ನೋಡಲು ಓಡಿದರು. ಮುಹೂರ್ತ ಮೀರಿಹೋಯಿತು. ಗಂಡಿನ ಕಡೆಯವರು ಹೇಳಿಕಳಿಸಿದರು: "ಬರೋ ಸುಕ್ರವಾರ ಕಾಯ್ತೀವಿ. ಅವತ್ತೂ ಬರ್ನಿಲ್ಲ ಅಂದ್ರೆ ಬ್ಯಾರೆ ಎಣ್ಣು ನೋಡ್ತೀವಿ." ಮಗಳು ಅನ್ನ ಬಿಟ್ಟಳು. ಆಗಷ್ಟೇ ಟೀಚರ್ ಕೆಲಸಕ್ಕೆ ಸೇರಿದ್ದ ನಾನು ದೊಡ್ಡಪ್ಪನನ್ನು ಮೈಸೂರಿನ ಡಾಕ್ಟರ ಹತ್ತಿರ ಕರೆದೊಯ್ದೆ.

ಹಣೆಯ ಹಿಂದಿನಿಂದ ಮಿದುಳಿನ ಆಳಕ್ಕಿಳಿದು ತಿರುಗಿ ಬರುವ ಒಂದು ಸುತ್ತುದಾರಿ ಇದೆ, 'ಕೆಲಸ ಮುಗಿಯಿತು, ಸಾಕು' ಎಂಬ ಸುದ್ದಿ ಅಲ್ಲಿ ನಾಟದಿದ್ದರೆ ಮಾಡಿದ್ದನ್ನೇ ಮಾಡಬೇಕು ಅನಿಸುತ್ತದೆ ಎಂದು ಡಾಕ್ಟರು ವಿವರಿಸಿದರು. ದೊಡ್ಡಪ್ಪನ ಮುಖ ಅರಳಿತು. ಅವರ ಮಗ್ಗದ ಮೇಲೆ ತೂತು ಹೊಡೆದ ರಟ್ಟುಗಳ ಮಾಲೆಯೊಂದು ಸುತ್ತುತ್ತಿರುತ್ತದೆ. ಒಂದೊಂದೇ ರಟ್ಟು ಸರಿದಂತೆ ಅಂಚಿನಲ್ಲಿ ನವಿಲು ಮೂಡುತ್ತದೆ.

"ಅಂಗನ್ನಿ ಸಾ! ರಟ್ಟು ಸಿಕ್ಕಾಕಂಡದೆ. ಇನ್ನು ನೇಯ್ದಷ್ಟೂ ನವಿಲ್ಗೆ ಕೊಕ್ಕೇ ಬೆಳೀತದೆ."

ಡಾಕ್ಟರು ಕೊಟ್ಟ ಗುಳಿಗೆ ಕೆಲಸ ಮಾಡಲು ವಾರಗಟ್ಟಲೆ ಬೇಕಿತ್ತು. ಶುಕ್ರವಾರಕ್ಕೆ ನಾಲ್ಕೇ ದಿನ.

ಅಂದು ಬಸ್ಸು ಊರು ದಾಟಿದರೂ ದೊಡ್ಡಪ್ಪ ಆರಾಮವಾಗಿ ಕೂತಿದ್ದರು. ನನಗೇ ತಡೆಯಲಾಗಲಿಲ್ಲ.

"ದೊಡ್ಡಪ್ಪ, ಬೀಗ?"

ಚೀಲಕ್ಕೆ ಕೈಹಾಕಿ ಬೀಗವನ್ನೇ ಎತ್ತಿ ತೋರಿಸಿದರು! "ಆಕಿದ್ನೋ ಇಲ್ವೋ ಅನ್ನೋ ಅನುಮಾನವೇ ಬ್ಯಾಡ ಕಣವ್ವ. ಆಕೇ ಇಲ್ಲ."

"ಅಪ್ಪಾ, ಮಗ್ಗದ ಮ್ಯಾಲೆ ಸೀರೆ ಅದೆ!" ಎಂದು ಮಗಳು ಕಿರುಚಿದಳು. ಈ ಸಲ ಬಸ್ಸು ನಿಲ್ಲಿಸಿ ಎಂದು ಎದ್ದವರು ನಾವಿಬ್ಬರು. ದೊಡ್ಡಪ್ಪ ಇಬ್ಬರನ್ನೂ ಸೆರಗು ಹಿಡಿದು ಕೂರಿಸಿದರು.

ನಿಶ್ಚಿತಾರ್ಥ ಮುಗಿದು ಊಟಕ್ಕೆ ಕೂತಾಗ ನಾನು ಎಲೆ ಮುಂದಿನಿಂದ ಮೂರು ಸಲ ಎದ್ದು ಹೋಗಿ ಕೈ ತೊಳೆದೆ. ನಾಲ್ಕನೆಯ ಸಲಕ್ಕೆ ದೊಡ್ಡಪ್ಪ ಹಿತ್ತಲಿಗೇ ಬಂದು ಚೊಂಬು ಇಸಿದುಕೊಂಡರು.

"ನಿನ್ ರಟ್ಟೂ ಸಿಕ್ಕಾಕಂಡದೆ, ಅಲ್ವಾ ಮಗ? ನಂಗೆ ಯಾವತ್ತೋ ಗೊತ್ತು. ಬರೋ ವಾರ ನಾ ಕರ್ಕಂಡು ಓಯ್ತೀನಿ."

ಹೆತ್ತ ತಾಯಿಯಿಂದಲೂ ಮುಚ್ಚಿಟ್ಟಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹಗುರಾಯಿತು. ಅಲ್ಲೇ ನಿಂತು ಅತ್ತುಬಿಟ್ಟೆ.

ಸಂಜೆ ಮನೆಗೆ ಬಂದರೆ ಎದುರುಮನೆಯ ಮೇಕೆ ದೊಡ್ಡಪ್ಪ ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಯಲ್ಲಿ ಮಲಗಿತ್ತು. ಕಳುವಾದದ್ದು ಏನೂ ಇಲ್ಲ. ಮುಂದಿನ ವಾರ ಹೇಳಿದಂತೆಯೇ ನನ್ನನ್ನು ಮೈಸೂರಿಗೆ ಕರೆದುಕೊಂಡು ಹೋದರು. ಬೀಗದ ಸಂಗತಿ ಕೇಳಿ ಡಾಕ್ಟರು ಅವರನ್ನು ಗದರಿದರು, ಆಮೇಲೆ ನಕ್ಕರು. ವರ್ಷದೊಳಗೆ ನಮ್ಮಿಬ್ಬರ ರಟ್ಟುಗಳೂ ನಿಧಾನಕ್ಕೆ ಸರಿಯತೊಡಗಿದವು.

ಕೆಲವು ವರ್ಷಗಳ ಮೇಲೆ ದೊಡ್ಡಪ್ಪ ತೀರಿಕೊಂಡರು. ಆ ದಿನ ಸಾವಿನ ಮನೆಯಿಂದ ಬಂದವರೆಲ್ಲರ ಹಾಗೆ ನಾನೂ ತಲೆಗೆ ನೀರು ಹಾಕಿಕೊಂಡೆ. ಒಂದೇ ಸಲ.