ಕನ್ನಂಬಾಡಿಗೆ ಹೊರಟ ಟೈಲರ್ ಕಾಕ

ಮೊನ್ನೆ ನಮ್ಮ ಸೊಸೆ ಗಟ್ಟಿ ಇಂಗು ತರಿಸಿದ್ದಳು. ಪುಡಿ ಇಂಗಿನಲ್ಲಿ ಎಂತ ಪರಿಮಳವೂ ಇಲ್ಲ ಅಂತ ಅವಳ ದೂರು. ಕಲ್ಲಿನ ಮೇಲಿಟ್ಟು ಜಜ್ಜಿದ್ದೇ ಜಜ್ಜಿದ್ದು, ವಾಸನೆ ಚಾವಡಿಯವರೆಗೆ ಬಂತು. ಬೇರೆಯವರಿಗೆ ಇಂಗು ಅಂದರೆ ಸಾರು ನೆನಪಾಗಬೇಕು. ನನಗೆ ಮೀನು ನೆನಪಾಗುತ್ತದೆ. ಹೇಳಿದರೆ ಅಜ್ಜನಿಗೆ ಅರಳುಮರಳು ಅಂತಾರೆ. ಅದಕ್ಕೆ ಹೇಳುವುದು ಬಿಟ್ಟು ಬರೆಯುತ್ತಿದ್ದೇನೆ.

ಅರುವತ್ತರ ದಶಕದ ಸುರುವಿನ ಮಾತು. ಕಡಬ ಆಗ ತಾಲೂಕೂ ಅಲ್ಲ, ಎಂತದೂ ಅಲ್ಲ. ಒಂದು ರಸ್ತೆ, ಎರಡೂ ಬದಿಗೆ ಹತ್ತಿಪ್ಪತ್ತು ಅಂಗಡಿ, ದಿನಕ್ಕೆ ಎರಡು ಬಸ್ಸು. ಆಲೆಟ್ಟಿಯಿಂದ ಬಂದ ನಾನು ಅಲ್ಲಿಯ ಶಾಲೆಯಲ್ಲಿ ಮಾಸ್ತರ. ಐದು, ಆರು, ಏಳನೇ ಕ್ಲಾಸಿಗೆ ಭೂಗೋಳ ಹೇಳುವುದು. ನಾನು ಬಾಡಿಗೆಗೆ ಇದ್ದ ಕೋಣೆಗೂ ಪಕ್ಕದ ಟೈಲರ್ ಅಂಗಡಿಗೂ ನಡುವೆ ಒಂದು ಹಲಗೆ ಗೋಡೆ. ಅಂಗಡಿಯವರು ಬ್ಯಾರಿಗಳು, ವಯಸ್ಸು ನಲುವತ್ತೈದರ ಮೇಲೆ. ಊರಿಗೆಲ್ಲ ಅವರು ಟೈಲರ್ ಕಾಕ. ಅವರ ಮೆಷಿನು ಬೆಳಿಗ್ಗೆ ಸುರುವಾದರೆ ನನ್ನ ಹಾಸಿಗೆ ನಡುಗುತ್ತಿತ್ತು. ಅಲಾರಂ ಗಡಿಯಾರ ನಾನು ಕೊಂಡದ್ದೇ ಇಲ್ಲ.

ಹೊಲಿಗೆ ಅವರ ಕೆಲಸ, ಗಾಳ ಅವರ ಹುಚ್ಚು. ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ಅಂಗಡಿಗೆ ಬಾಗಿಲು ಹಾಕಿ ಹೊಳೆಗೆ ಹೋಗುವುದು. ನನಗೂ ಅದೇ ಚಟ ಹಿಡಿಸಿದರು. ನಮ್ಮ ಗೌಡರ ಮನೆಯಲ್ಲಿ ಮೀನು ತಿನ್ನುವುದಕ್ಕೆ ಏನೂ ಅಡ್ಡಿ ಇರಲಿಲ್ಲ, ಆದರೆ ಗಾಳ ಹಾಕಿ ಸುಮ್ಮನೆ ಕೂತುಕೊಳ್ಳುವ ವಿದ್ಯೆ ನನಗೆ ಕಲಿಸಿದ್ದು ಕಾಕನೇ. ಅವರು ಗಾಳದ ದಾರವನ್ನು ನೂಲು ಮುಗಿದ ಖಾಲಿ ರೀಲಿಗೆ ಸುತ್ತುತ್ತಿದ್ದರು. ಗಾಳ ಚುಚ್ಚಿಡುವುದು ಅಂಗಿಯ ಕಾಲರಿನ ಅಡಿಯಲ್ಲಿ, ಸೂಜಿಯ ಜೊತೆಗೇ. ಎಷ್ಟೋ ಸಲ ಗಿರಾಕಿಗಳ ಚಡ್ಡಿ ಹೊಲಿಯಲು ಅವರು ಸೂಜಿ ಅಂತ ಗಾಳ ಎತ್ತಿಕೊಂಡದ್ದು ಉಂಟು. ಮತ್ತೆ ಅವರೇ ನಗುವುದು.

ಹೊಳೆಯಲ್ಲಿ ಸಣ್ಣಪುಟ್ಟ ಮೀನು ಬೇಕಾದಷ್ಟು ಸಿಗುತ್ತಿತ್ತು. ಅವರಿಗೆ ಬೇಕಾದ್ದು ಅದಲ್ಲ. ದೇವಸ್ಥಾನದ ಕೆಳಗಿನ ಗುಂಡಿಯಲ್ಲಿ ಮೊಳ ಉದ್ದದ ದೇವರ ಮೀನು ಇದ್ದವು. ಜನ ಅಕ್ಕಿ ಹಾಕಿದರೆ ಮೇಲೆ ಬಂದು ಹೊರಳುತ್ತಿದ್ದವು, ಹಿತ್ತಾಳೆ ಬಣ್ಣದ ಬೆನ್ನು, ಕೆಂಪು ರೆಕ್ಕೆ. ಅಲ್ಲಿ ಗಾಳ ಹಾಕಲಿಕ್ಕೆ ಇಲ್ಲ. ಹಿಂದೂಗಳೂ ಹಾಕುವುದಿಲ್ಲ, ಬ್ಯಾರಿಗಳೂ ಹಾಕುವುದಿಲ್ಲ. ಗುಂಡಿ ದಾಟಿ ಕೆಳಗೆ ಬಂದ ದೊಡ್ಡ ಮೀನನ್ನು ರಸ್ತೆ ಕೆಲಸಕ್ಕೆ ಬಂದವರು ಬಂಡೆ ಒಡೆಯುವ ಮದ್ದಿನ ತೋಟೆಯನ್ನು ನೀರಲ್ಲಿ ಸಿಡಿಸಿ ಮುಗಿಸಿದ್ದರು. ಕಾಕ ದಡದಲ್ಲಿ ನಿಂತು ಗುಂಡಿಯನ್ನು ನೋಡುವುದು, ಒಂದು ಉಸಿರು ಬಿಟ್ಟು ಮುಂದೆ ಹೋಗುವುದು.

"ಇವು ದೇವರದ್ದು ಮಾಷ್ಟ್ರೆ," ಅಂತಿದ್ದರು. "ನನ್ನ ಗಾಳಕ್ಕೆ ಇಂಥದ್ದೊಂದು ಬಂದು, ನೀರಿಂದ ಮೇಲೆ ಏಳುವಾಗ ಅದರ ಬಣ್ಣ ನಾನು ಕಣ್ಣಾರೆ ನೋಡ್ಬೇಕು. ಒಂದೇ ಒಂದು ಸಲ."

ಹಾಗಿರುವಾಗ ಮೈಸೂರಿಂದ ಬಂದ ಒಬ್ಬ ಲಾರಿ ಡ್ರೈವರು ಅಂಗಿ ಹೊಲಿಸಲು ಕೂತವನು ಮಾತಿಗೆ ಮಾತು ಬಂದು ಹೇಳಿದ. ಕನ್ನಂಬಾಡಿ ಕಟ್ಟೆಯಲ್ಲಿ ಇದೇ ಜಾತಿಯ ಮೀನು ಉಂಟಂತೆ, ಅಲ್ಲಿಯವರು ಬಿಳಿಮೀನು ಅಂತಾರಂತೆ, ಒಂದೊಂದು ಕರುವಿನಷ್ಟು ದೊಡ್ಡದಂತೆ. ರಾಗಿ ಹಿಟ್ಟಿಗೆ ಇಂಗು ಹಾಕಿ ಮುದ್ದೆ ಮಾಡಿ ಗಾಳಕ್ಕೆ ಸಿಕ್ಕಿಸಿದರೆ ಬಿಡುವುದೇ ಇಲ್ಲವಂತೆ. ಡ್ರೈವರು ಅಂಗಿ ಹಾಕಿಕೊಂಡು ಹೋದ. ಕಾಕನ ತಲೆಯಲ್ಲಿ ಹುಳ ಬಿಟ್ಟು ಹೋದ.

ಅಂದಿನಿಂದ ನಮ್ಮ ಏರ್ಪಾಟು ಸುರು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಾಕ ಚಾಕ್‌ಪೀಸಿನಿಂದ ಕೆರೆ ಬರೆಯುವುದು, ನಾನು ಅಟ್ಲಾಸು ನೋಡಿ ತಿದ್ದುವುದು. ಸುಳ್ಯ, ಮಡಿಕೇರಿ, ಹುಣಸೂರು, ಇಲವಾಲದಲ್ಲಿ ಇಳಿದು ಉತ್ತರಕ್ಕೆ ನಡೆಯುವುದು. ಯಾರಾದರೂ ಬಟ್ಟೆ ತಂದರೆ ಕೆರೆ ಒರೆಸಿ ಹೋಗುತ್ತಿತ್ತು. ಗಿರಾಕಿ ಹೋದ ಮೇಲೆ ಇನ್ನೊಂದು ಕೆರೆ. ಪೊಲೀಸರ ಚಡ್ಡಿಯಲ್ಲಿ ಉಳಿದ ಖಾಕಿ ತುಂಡು ಜೋಡಿಸಿ ಗಾಳದ ಕೋಲಿಗೆ ಒಂದು ಉದ್ದ ಚೀಲ ಹೊಲಿದರು, ಗುಂಡಿ ಸಮೇತ. ಮಂಗಳೂರು ಬಂದರಿನಿಂದ ನೈಲಾನ್ ದಾರ ತರಿಸಿದರು. ರಾಗಿ ನಮ್ಮ ಕಡೆ ಯಾರು ಬೆಳೆಯುತ್ತಾರೆ? ಅದನ್ನೂ ಲಾರಿಯವರ ಹತ್ತಿರ ಹೇಳಿ ತರಿಸಿ, ಇಂಗು ಹಾಕಿ ಕಲಸಿ, ಹೊಳೆಯಲ್ಲಿ ಪರೀಕ್ಷೆ ಮಾಡಿದೆವು. ಮುದ್ದೆ ನೀರಿಗೆ ಬಿದ್ದ ಕೂಡಲೇ ಕರಗಿ ಹೋಯಿತು. ಒಂದು ವಾರ ಬೇಯಿಸಿ, ನಾದಿ, ಹದ ಕಂಡುಹಿಡಿದರು. ನನ್ನ ಕೋಣೆ, ನನ್ನ ಅಂಗಿ, ಶಾಲೆಯ ಹಾಜರಿ ಪುಸ್ತಕ ಎಲ್ಲ ಇಂಗಿನ ವಾಸನೆ. ಹೆಡ್‌ಮಾಸ್ಟ್ರು "ನಿಮಗೆ ಅಜೀರ್ಣವಾ?" ಅಂತ ಕೇಳಿದರು.

ನಗುವ ಕಾಲ ಅಲ್ಲಿಗೇ ಮುಗಿಯಿತು. ಅದೇ ಮಳೆಗಾಲದಲ್ಲಿ ಕಾಕ ಸೂಜಿಗೆ ನೂಲು ಹಾಕಲಾರದೆ ನನ್ನನ್ನು ಕರೆಯಲು ಸುರು ಮಾಡಿದರು. ಬಾಗಿಲ ಚೌಕಟ್ಟಿಗೆ ಭುಜ ಹೊಡೆದುಕೊಳ್ಳುತ್ತಿದ್ದರು. ನಾನೇ ಮಂಗಳೂರಿಗೆ ಕರೆದುಕೊಂಡು ಹೋದೆ. ಕಣ್ಣಿನ ಡಾಕ್ಟರು ಬಹಳ ಹೊತ್ತು ನೋಡಿದರು. ದೃಷ್ಟಿ ಬದಿಯಿಂದ ಮುಚ್ಚುತ್ತಾ ಬರುತ್ತಿದೆ, ಇದಕ್ಕೆ ಕನ್ನಡಕವೂ ಇಲ್ಲ, ಮದ್ದೂ ಇಲ್ಲ, ಎರಡು ವರ್ಷ, ಹೆಚ್ಚೆಂದರೆ ಮೂರು ಅಂದರು. ಹೊರಗೆ ಬಂದು ಕಾಕ ಒಂದು ಚಾ ಕುಡಿದರು. ಆಮೇಲೆ ಹೇಳಿದರು, "ಮಾಷ್ಟ್ರೆ, ಹಾಗಾದ್ರೆ ಬೇಗ ಹೋಗುವ."

ದಸರಾ ರಜೆಗೆ ಹೋಗುವುದು ಅಂತ ಆಯಿತು. ನನಗೆ ಇದ್ದದ್ದು ಆ ರಜೆ, ಮತ್ತೆ ಬೇಸಿಗೆಯದ್ದು. ಆ ದಸರೆಗೆ ಆಲೆಟ್ಟಿಯಲ್ಲಿ ನನಗೆ ಹೆಣ್ಣು ನೋಡುವ ಕಾರ್ಯಕ್ರಮ ಇಟ್ಟರು. ಮುಂದಿನ ವರ್ಷ ಹೋಗುವ ಕಾಕ, ಅಂದೆ. ಅವರು ಒಪ್ಪಿದರು, ಹೆಣ್ಣು ಹೇಗುಂಟು ಅಂತ ವಿಚಾರಿಸಿದರು. ಆ ಸಂಬಂಧ ಕೂಡಿಬರಲಿಲ್ಲ, ಅದು ಬೇರೆ ಮಾತು.

ಮುಂದಿನ ದಸರೆಯದ್ದು ಬರೆಯಲಿಕ್ಕೆ ಕೈ ಬರುವುದಿಲ್ಲ... ಆದರೂ ಬರೆಯಬೇಕು. ಆ ವರ್ಷ ನನಗೆ ಯಾವ ಅಡ್ಡಿಯೂ ಇರಲಿಲ್ಲ. ಉದಾಸೀನ, ಅಷ್ಟೆ. ಅಷ್ಟು ದೂರ ಬಸ್ಸು, ಘಾಟಿ, ಕಣ್ಣು ಕಾಣದ ಮನುಷ್ಯನ ಕೈ ಹಿಡಿದು ಹೋಗುವ ರಗಳೆ. ಜ್ವರ ಅಂತ ಹೇಳಿ ಕಳಿಸಿದೆ. ಕಡಬದಲ್ಲೇ ಸ್ನೇಹಿತನೊಬ್ಬನ ಮಾಳಿಗೆಯಲ್ಲಿ ಮೂರು ದಿನ ಇಸ್ಪೀಟು ಆಡಿದೆ. ಕೋಣೆಗೆ ವಾಪಸು ಬಂದರೆ ಬಾಗಿಲ ಬುಡದಲ್ಲಿ ಒಂದು ಪಾತ್ರೆ. ಜ್ವರದ ಮಾಷ್ಟ್ರಿಗೆ ಅಂತ ಕಾಕನ ಹೆಂಡತಿ ಮಾಡಿ ಕಳಿಸಿದ ಗಂಜಿ, ಮೇಲೆ ಬಾಳೆಲೆ ಮುಚ್ಚಿತ್ತು. ಹುಳಿ ಬಂದು ಹೋಗಿತ್ತು. ತಂದಿಟ್ಟವರು ಬಾಗಿಲಿನ ಬೀಗ ನೋಡಿರಲೇಬೇಕು. ಗೊತ್ತಾಗಿತ್ತೋ, ಇಲ್ಲವೋ... ಕಾಕ ಮರುದಿನ "ಜ್ವರ ಇಳಿಯಿತಾ?" ಅಂತ ಮಾತ್ರ ಕೇಳಿದರು.

ಮೂರನೇ ವರ್ಷಕ್ಕೆ ಅವರಿಗೆ ದಸರೆಯವರೆಗೆ ಕಾಯುವ ಧೈರ್ಯ ಉಳಿಯಲಿಲ್ಲ. ಹೊಲಿಗೆ ನಿಂತಿತ್ತು, ಮೆಷಿನು ಅಳಿಯನ ಕೈಗೆ ಹೋಗಿತ್ತು. ಎದುರಿಗೆ ಹಿಡಿದ ಬಟ್ಟೆಯ ಬಣ್ಣ ಮಾತ್ರ ಸರಿಯಾಗಿ ಹೇಳುತ್ತಿದ್ದರು. ಜೂನಿನಲ್ಲಿ ನಮ್ಮಲ್ಲಿ ಮಳೆ ಹಿಡಿಯಿತು. ಮೊದಲ ಮಳೆಗೆ ಹೊಳೆಯ ಮೀನು ಹೊಸ ನೀರು ಹತ್ತಿ ತೋಡಿಗೆ, ಗದ್ದೆಗೆ ನುಗ್ಗುತ್ತದಲ್ಲ, ಅದಕ್ಕೆ ನಾವು ಉಬರು ಅನ್ನುವುದು. ಆಗ ಮೀನಿಗೆ ಬುದ್ಧಿ ಇರುವುದಿಲ್ಲ, ಕತ್ತಿ ಹಿಡಿದ ಮಕ್ಕಳಿಗೂ ಸಿಗುತ್ತದೆ. ಕಾಕ ಕೋಲಿನಲ್ಲಿ ನೆಲ ತಡವುತ್ತಾ ನನ್ನ ಕೋಣೆಗೆ ಬಂದರು.

"ಉಬರು ಸುರುವಾಯ್ತು ಮಾಷ್ಟ್ರೆ. ಇಲ್ಲಿ ಇಷ್ಟು ಸಣ್ಣ ಹೊಳೆಯಲ್ಲೇ ಇಷ್ಟು ಮೀನು ಏಳುದಾದ್ರೆ, ಅಷ್ಟು ದೊಡ್ಡ ಕೆರೆಯಲ್ಲಿ ಹೇಗಿರ್ಬೇಡ? ನಾಲ್ಕು ದಿನ ರಜೆ ಹಾಕಿ."

ಹೌದಲ್ಲ ಅಂತ ನನಗೂ ಅನಿಸಿತು. ಹುಟ್ಟಿದಂದಿನಿಂದ ಮಳೆ ಅಂದರೆ ನೀರು, ನೀರು ಅಂದರೆ ಮೀನು ಅಂತಲೇ ಬೆಳೆದವರು ನಾವು. ಆದರೆ ನಾನು ಭೂಗೋಳದ ಮಾಸ್ತರ. ಕಾವೇರಿ ಕೊಡಗಿನಲ್ಲಿ ಹುಟ್ಟುತ್ತದೆ, ಘಟ್ಟದ ಆಚೆ ಮಳೆ ಕಮ್ಮಿ, ಅಣೆಕಟ್ಟು ಬೇಸಿಗೆಯಿಡೀ ಗದ್ದೆಗೆ ನೀರು ಬಿಡುತ್ತದೆ ಅಂತ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದವನು. ಆ ಮೂರು ವಾಕ್ಯ ಜೋಡಿಸಿ ನೋಡುವ ಬುದ್ಧಿ ಬರಲಿಲ್ಲ ನೋಡಿ. ಹಿಂದಿನ ಪಾಪ ತೊಳೆಯುವ ಅವಸರದಲ್ಲಿ ರಜೆ ಅರ್ಜಿ ಬರೆದುಬಿಟ್ಟೆ.

ಹೊರಡುವಾಗ ಕಾಕನ ಹೆಂಡತಿ ನನ್ನನ್ನು ಬದಿಗೆ ಕರೆದರು. "ಮಾಷ್ಟ್ರೆ, ಮೀನು ಸಿಕ್ಕದಿದ್ರೆ ಯಾರ ಹತ್ರವಾದ್ರೂ ಒಂದು ತಕ್ಕೊಂಡು ಅವರ ಗಾಳಕ್ಕೆ ಸಿಕ್ಕಿಸಿ. ಅವರಿಗೆ ಗೊತ್ತಾಗುದಿಲ್ಲ. ಪಾಪ, ಒಮ್ಮೆ ನೋಡ್ಲಿ."

ಮಳೆಯಲ್ಲೇ ಪುತ್ತೂರು, ಮಳೆಯಲ್ಲೇ ಸುಳ್ಯ, ಸಂಪಾಜೆ ಘಾಟಿ. ಬಸ್ಸಿನ ಟರ್ಪಾಲು ಸೋರಿ ನಾವು ಒದ್ದೆ, ಕಾಕ ಮಾತ್ರ ಖುಷಿ. ಹುಣಸೂರು ದಾಟುವಾಗ ಮಳೆ ನಿಂತಿತು, ಬಿಸಿಲು ಬಂತು. ಆಗಲೇ ನನಗೆ ಸಣ್ಣ ಸಂಶಯ ಬಂತು, ಟರ್ಪಾಲು ಮೇಲೆತ್ತಿ ಕಟ್ಟಿ ಕೂತೆ. ಇಲವಾಲದಲ್ಲಿ ತಂಗಿ ಬೆಳಿಗ್ಗೆ ಎದ್ದು ನಡೆದೆವು. ಕಾಕನ ಬಲಗೈ ನನ್ನ ಹೆಗಲ ಮೇಲೆ, ಎಡಗೈಯಲ್ಲಿ ಖಾಕಿ ಚೀಲ. ಎರಡು ಮೂರು ಗಂಟೆ ನಡೆದ ಮೇಲೆ ನೆಲ ಇಳಿಜಾರಾಯಿತು, ಹುಲ್ಲು ಮುಗಿಯಿತು. ಮುಂದೆ ಬಿರುಕು ಬಿಟ್ಟ ಕೆಸರು. ಕಣ್ಣು ಹಾಯುವಷ್ಟು ದೂರ ಒಣಗಿದ ಕೆಸರು, ನಡುವೆ ಕಪ್ಪು ಮರದ ಬೊಡ್ಡೆಗಳು. ಆಚೆ ಎಲ್ಲೋ ಒಂದು ಗೆರೆಯಷ್ಟು ನೀರು ಇತ್ತು, ಅಥವಾ ಬಿಸಿಲೇ ಹಾಗೆ ಕಂಡಿತೋ...

ನಾನು ನಿಂತೆ. ಕಾಕನೂ ನಿಂತರು. ತಲೆಯನ್ನು ನಿಧಾನಕ್ಕೆ ಆ ಬದಿ ಈ ಬದಿ ತಿರುಗಿಸಿ ನೋಡಿದರು. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದರು.

"ಕೆರೆ ಬಂತಾ ಮಾಷ್ಟ್ರೆ?"

ಬಂತು, ಅಂದೆ.

"ನನಗೆ ನೀರು ಕಾಣುದಿಲ್ಲ," ಅಂದರು. ಸ್ವರ ಬಹಳ ಸಣ್ಣದಾಗಿತ್ತು. "ನಿನ್ನೆ ಬಸ್ಸಿನ ಬಣ್ಣ ಕಾಣ್ತಿತ್ತು. ಈಗ ಇಷ್ಟು ದೊಡ್ಡ ನೀರು ಕಾಣುದಿಲ್ಲ. ಮುಗಿಯಿತು ಅಂತ ಕಾಣ್ತದೆ." ಅಲ್ಲೇ ಕೆಸರಿನ ಮೇಲೆ ಕೂತುಬಿಟ್ಟರು.

ನೀರೇ ಇಲ್ಲ ಕಾಕ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳದಿದ್ದರೆ ಕಣ್ಣು ಹೋಯಿತು ಅಂತ ಅವರು ನಂಬುತ್ತಾರೆ. ಹೇಳಿದರೆ ಇಷ್ಟು ವರ್ಷದ್ದೆಲ್ಲ ಮಣ್ಣು. ಅಷ್ಟರಲ್ಲಿ ಎಮ್ಮೆ ಹೊಡೆದುಕೊಂಡು ಬಂದ ಒಬ್ಬರು ಮುದುಕರು ನಮ್ಮನ್ನೂ ಚೀಲವನ್ನೂ ನೋಡಿ ನಿಂತರು.

"ಮೀನು ಹಿಡಿಯಾಕೆ ಬಂದ್ರಾ ಸ್ವಾಮಿ? ಈಗ ಎಲ್ಲಿ ಬಂದಾದು ನೀರು? ನೀವು ಕುಂತಿರೋದೇ ಕಟ್ಟೆ ಒಳಗೆ. ಶ್ರಾವಣ ಕಳೀಲಿ, ದಸರಾ ಹೊತ್ಗೆ ಬನ್ನಿ. ಈ ಜಾಗದಲ್ಲಿ ಎರಡಾಳು ನೀರಿರ್ತದೆ, ಬಿಳಿಮೀನು ದಡಕ್ಕೇ ಬಂದು ಹೊಳ್ಳಾಡ್ತವೆ."

ಕಾಕ ತಲೆ ಎತ್ತಿದರು. ಆಮೇಲೆ ನಕ್ಕರು. "ನೀರು ಇಲ್ಲವಾ? ಹಾಗಾದ್ರೆ ಕಣ್ಣು ಉಂಟು ಮಾಷ್ಟ್ರೆ, ನನ್ನ ಕಣ್ಣು ಇನ್ನೂ ಉಂಟು." ಕೆಸರಿನಲ್ಲಿ ಕೂತು, ಬಟಾಬಯಲಿನಲ್ಲಿ, ನೀರಿಲ್ಲ ಅಂತ ಸಂತೋಷಪಟ್ಟ ಬೇರೆ ಮನುಷ್ಯನನ್ನು ನಾನು ನೋಡಿಲ್ಲ. ನನಗೆ ಅಳು ಬಂತು. ಅವರಿಗೆ ಕಾಣದ ಹಾಗೆ ಬದಿಗೆ ನಿಂತು ಅತ್ತೆ.

ಆ ನೀರಿನ ಗೆರೆಯತ್ತ ಹೋಗಲು ನೋಡಿದೆವು. ಮೊಣಕಾಲವರೆಗೆ ಹೂತು ವಾಪಸು ಬಂದೆವು. ರಾಗಿ ಮುದ್ದೆಯನ್ನು ಎಮ್ಮೆ ತಿಂದಿತು. ಬಸ್ಸಿನಲ್ಲಿ ಕಾಕ ದಸರೆಯ ಲೆಕ್ಕ ಹಾಕುತ್ತಾ ಬಂದರು, ಇನ್ನು ನಾಲ್ಕು ತಿಂಗಳು, ಕಣ್ಣು ಅಷ್ಟು ಸಮಯ ತಡೆಯದಾ ಅಂತ.

ತಡೆಯಲಿಲ್ಲ. ಆ ದಸರೆಗೆ ನಾನು ಒಂದು ವಾರ ಮೊದಲೇ ಸಿದ್ಧನಾಗಿದ್ದೆ. ಅಂಗಡಿಗೆ ಹೋದರೆ ಬಾಗಿಲ ಬೆಂಚಿನಲ್ಲಿ ಕೂತಿದ್ದರು, ನನ್ನ ನಡಿಗೆ ಕೇಳಿ ಮುಖ ಎತ್ತಿದರು, ಆದರೆ ಮುಖ ನನ್ನ ಕಡೆಗೆ ಇರಲಿಲ್ಲ. ಹೋಗುವ ಕಾಕ, ಮುಟ್ಟಿ ನೋಡಬಹುದಲ್ಲ, ನಾನು ಹೇಳುತ್ತೇನೆ ಹೇಗುಂಟು ಅಂತ... ಹೀಗೆಲ್ಲ ಬಡಬಡಿಸಿದೆ.

"ಬೇಡ ಮಾಷ್ಟ್ರೆ. ನೋಡ್ಲಿಕ್ಕೆ ಅಲ್ವಾ ಹೋಗುದು," ಅಂದರು. ಅಷ್ಟೇ. ನನ್ನ ಮದುವೆ ಯಾವಾಗ ಅಂತ ಕೇಳಿದರು.

ಮತ್ತೆ ಹದಿನೆಂಟು ವರ್ಷ ಅದೇ ಬೆಂಚಿನಲ್ಲಿ ಕೂತು ಬದುಕಿದರು. ನನಗೆ ವರ್ಗವಾಯಿತು, ಹೋದಾಗಲೆಲ್ಲ ಮಾತಾಡಿಸಿ ಬರುತ್ತಿದ್ದೆ. ಒಂದು ಸಲವಾದರೂ ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ಇಸ್ಪೀಟಿನ ವಿಷಯ ಹೇಳಿಬಿಡುತ್ತಿದ್ದೆ. ಹೇಳುವ ಧೈರ್ಯ ಬರುವ ಮೊದಲು ಅವರು ತೀರಿಕೊಂಡ ಸುದ್ದಿ ಬಂತು.

ಮಗನ ಮನೆ ಮೈಸೂರಿನಲ್ಲಿ. ಈಗಲೂ ವರ್ಷಕ್ಕೊಮ್ಮೆ ಆ ರಸ್ತೆಯಲ್ಲಿ ಹೋಗುತ್ತೇನೆ, ಹೆಚ್ಚಾಗಿ ದಸರೆಗೇ. ಇಲವಾಲ ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತೇನೆ, ಅಜ್ಜನಿಗೆ ನಿದ್ರೆ ಅಂತ ಮೊಮ್ಮಕ್ಕಳು ಸುಮ್ಮನಾಗುತ್ತಾರೆ. ಒಮ್ಮೆ ಸೊಸೆ ಅಂದಳು, ಈ ಸಲ ಕಟ್ಟೆ ತುಂಬಿದೆಯಂತೆ ಮಾವ, ನೋಡಿಕೊಂಡು ಹೋಗುವ ಅಂತ. ಬೇಡ ಅಂದೆ. ದಸರೆಗೆ ಅದು ತುಂಬಿರುತ್ತದೆ ಅಂತ ನನಗೆ ಗೊತ್ತುಂಟು. ನಾನು ಮಾಳಿಗೆಯಲ್ಲಿ ಇಸ್ಪೀಟಿನ ಎಲೆ ಹಾಕುತ್ತಾ ಕೂತಿದ್ದ ಆ ಮೂರು ದಿನವೂ ತುಂಬಿಯೇ ಇತ್ತು, ಕಾಕನಿಗೆ ಆಗ ಬಣ್ಣವೂ ಕಾಣುತ್ತಿತ್ತು.