ಇಪ್ಪತ್ತಕ್ಕೆ ನಾಲ್ಕು

ನಮ್ಮ ಲಿಮೋಜ್ ಊರಿನ ಆಸ್ಪತ್ರೆಯ ಅಡುಗೆಮನೆಯಲ್ಲಿ ರೆಜಿಸ್ ಇಪ್ಪತ್ತೆರಡು ವರ್ಷಗಳಿಂದ ಸೂಪು ಕುದಿಸುತ್ತಿದ್ದಾನೆ. ಆ ಸೂಪಿಗಾಗಿ ಇನ್ನೆರಡು ದಿನ ಮಲಗಿರುತ್ತೇವೆ ಎನ್ನುವ ರೋಗಿಗಳೂ ಇದ್ದಾರೆ. ಕಳೆದ ವರ್ಷ ಮುಖ್ಯ ಅಡುಗೆಯವರು ನಿವೃತ್ತರಾದಾಗ, ಆ ಜಾಗ ಅವನಿಗೇ ಎಂದು ಎಲ್ಲರೂ ಅಂದುಕೊಂಡೆವು. ಒಂದು ಪುಟದ ಅರ್ಜಿ ಬರೆದುಕೊಟ್ಟರೆ ಸಾಕಿತ್ತು.

ತೊಡಕಿದ್ದದ್ದೇ ಅಲ್ಲಿ. ನಾವಿಬ್ಬರೂ ಕಾಜನಾವ್ ಮೇಷ್ಟ್ರ ಶಿಷ್ಯರು. ಉಕ್ತಲೇಖನದ ಹಾಳೆಗಳನ್ನು ಅವರು ಹೆಚ್ಚು ಅಂಕದಿಂದ ಕಡಿಮೆಗೆ, ಹೆಸರು ಕೂಗಿ ಹಂಚುತ್ತಿದ್ದರು. ನನ್ನದು ಮಧ್ಯದಲ್ಲೆಲ್ಲೋ ಬರುತ್ತಿತ್ತು. ಅದಕ್ಕೇ ಆಸ್ಪತ್ರೆಯ ಗುಮಾಸ್ತನಾದೆ. ರೆಜಿಸನದು ಯಾವಾಗಲೂ ಕೊನೆಯದು. ಅದನ್ನು ಮೇಷ್ಟ್ರು ಸತ್ತ ಇಲಿಯಂತೆ ಎರಡು ಬೆರಳಲ್ಲಿ ಹಿಡಿದು ಕೊಡುತ್ತಿದ್ದರು. ಅದಕ್ಕೆ ಶಿಸ್ತು ಎಂದು ಹೆಸರು.

“ಅರ್ಜಿ ಎಲ್ಲೋ?” ಎಂದು ಕೇಳಿದೆ.

“ಬರೆದೆ ಮಾರಾಯ. ಆಮೇಲೆ ಕೆಂಪು ಪೆನ್ನಲ್ಲಿ ನಾನೇ ತಿದ್ದಿದೆ. ಇಪ್ಪತ್ತಕ್ಕೆ ನಾಲ್ಕು ಬಂತು. ಹರಿದುಹಾಕ್ದೆ.”

“ತಿದ್ದೋಕೆ ಬಂದ್ಮೇಲೆ ಚೊಕ್ಕವಾಗಿ ಇನ್ನೊಂದ್ಸಲ ಬರೀಬಹುದಿತ್ತಲ್ಲೋ?”

“ನಿಂಗೇನಪ್ಪ, ಹನ್ನೊಂದು ತಗೊಂಡೋನು. ಮೇಷ್ಟ್ರು ಯಾವತ್ತಾದ್ರೂ ಇನ್ನೊಂದ್ಸಲ ಬರೆಯೋಕೆ ಬಿಟ್ಟಿದ್ರಾ?”

ಜಾಗ ಹೊರಗಿನವನೊಬ್ಬನ ಪಾಲಾಯಿತು. ಅವನ ಅರ್ಜಿಯನ್ನು ಕಡತಕ್ಕೆ ಸೇರಿಸಿದವನು ನಾನೇ. ಅದರಲ್ಲಿ ಒಂಬತ್ತು ತಪ್ಪುಗಳಿದ್ದವು. ನಿರ್ದೇಶಕರಿಗೆ ಒಂದೂ ಕಂಡಿರಲಿಲ್ಲ.

ಈಗ ಹೊಸ ಮುಖ್ಯಸ್ಥ ದಿನಾ ಬೆಳಿಗ್ಗೆ ಬಾಗಿಲಿಗೆ ಊಟದ ಪಟ್ಟಿ ಅಂಟಿಸುತ್ತಾನೆ. ರೆಜಿಸ್ ಆಚೀಚೆ ನೋಡಿ, ಜೇಬಿನಿಂದ ಕೆಂಪು ಪೆನ್ನು ತೆಗೆದು, ಅದರ ತಪ್ಪುಗಳನ್ನೆಲ್ಲ ತಿದ್ದುತ್ತಾನೆ. ಮೇಷ್ಟ್ರ ಪಾಠ ವ್ಯರ್ಥವಾಗಿಲ್ಲ. ಆಮೇಲೆ ಒಳಗೆ ಹೋಗಿ, ಆ ಮನುಷ್ಯ ಹೇಳಿದಷ್ಟೇ ಉಪ್ಪನ್ನು ಸೂಪಿಗೆ ಹಾಕುತ್ತಾನೆ.